ಕೇಳದೆ ಇಟ್ಟ ಕುಂಕುಮ

ಪುಣೆಯ ನಮ್ಮ ಕನ್ನಡ ಜನ ಅವರನ್ನು ಈಗಲೂ ‘ಕತ್ತರಿ ಸಿದ್ರಾಮಪ್ಪ’ ಎಂದು ನಗುತ್ತಾರೆ. ಒಂಬತ್ತು ವರ್ಷವಾಯಿತು. ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ಕೂತಾಗ ಯಾರಾದರೂ ಆ ಕಥೆ ತೆಗೆಯುತ್ತಾರೆ, ಉಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಡೆದದ್ದನ್ನು ಅವರ ಬಾಯಿಂದಲೂ ಅವರ ಹೆಂಡತಿ ಭೀಮವ್ವನ ಬಾಯಿಂದಲೂ ಕೂತು ಕೇಳಿದವಳು ನಾನು. ಸ್ವಲ್ಪ ಕಣ್ಣಾರೆ ಕಂಡದ್ದೂ ಉಂಟು. ಆದ್ದರಿಂದ ಬರೆದಿಡುತ್ತೇನೆ. ಆಮೇಲೆ ನಗುವವರು ನಗಲಿ.

ಸಿದ್ರಾಮಪ್ಪನವರು ನವಲಗುಂದದ ಕಡೆಯವರು. ಕಪ್ಪು ಮಣ್ಣಿನ ಬಯಲು ಸೀಮೆ. “ನಮ್ಮೂರಾಗ ಎತ್ತರದ್ದು ಅಂದ್ರ ಮೇವಿನ ಬಣವಿ ಒಂದ ನೋಡ್ರಿ” ಎನ್ನುತ್ತಿದ್ದರು. ಖಡಕಿಯ ಕಾರ್ಖಾನೆಯಲ್ಲಿ ಕಾರಕೂನರಾಗಿ ಬಂದಾಗ ಅವರಿಗೆ ಇಪ್ಪತ್ತಮೂರು. ಇಲ್ಲಿಯ ಗುಡ್ಡಗಳನ್ನು ಕಂಡು ಹುಚ್ಚು ಹಿಡಿಯಿತು. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ರವಿವಾರ ಬುತ್ತಿ ಕಟ್ಟಿಕೊಂಡು ಎಸ್.ಟಿ. ಬಸ್ಸು ಹತ್ತುತ್ತಿದ್ದರು. ತೊಂಬತ್ತೊಂದರಲ್ಲಿ ಭೀಮವ್ವ ಸ್ಕೂಟರಿನಿಂದ ಬಿದ್ದು ಸೊಂಟದ ಎಲುಬು ಮುರಿಯಿತು. ಕೂಡಿಕೊಂಡದ್ದೂ ಸರಿಯಾಗಿ ಕೂಡಲಿಲ್ಲ. ಅಂದಿನಿಂದ ಕೋಲು ಹಿಡಿದು ಅಡುಗೆ ಮನೆಯಿಂದ ಬಾಗಿಲಿನವರೆಗೆ ಬಂದರೆ ಅದೇ ಆಕೆಯ ಪ್ರಯಾಣ.

ಸಿದ್ರಾಮಪ್ಪ ಗುಡ್ಡ ಬಿಟ್ಟರು. ರವಿವಾರ ಮೋರೆ ಇಳಿಬಿಟ್ಟು ಹೆಂಡತಿಯ ಎದುರು ಕೂತರು. ಭೀಮವ್ವನೇ ಎಬ್ಬಿಸಿದಳು.

“ನೀವು ಹಿಂಗ ನನ್ನ ಮುಂದ ಕೂತ್ರ ನನ್ನ ಸೊಂಟಾ ಕೂಡೂದಿಲ್ಲ. ಹೋಗ್ರಿ, ನೋಡ್ರಿ, ಬಂದ ಹೇಳ್ರಿ.”

ಹೋದರು, ನೋಡಿದರು, ಬಂದು “ಭಾಳ ಚೊಲೊ ಇತ್ತು” ಎಂದರು.

“ಚೊಲೊ ಅಂದ್ರೇನ್ರಿ? ಚಾ ಸುದ್ದಾ ಚೊಲೊ ಇರತದ. ನೀರು ಎಂಥಾ ಸಪ್ಪಳಾ ಮಾಡತಿತ್ತು? ಗಾಳಿಗೆ ಏನ ವಾಸನಿ ಇತ್ತು?”

ಹೇಳಲು ಬರಲಿಲ್ಲ. ಮುಂದಿನ ತಿಂಗಳು ಒಂದು ಹಳೆಯ ಕ್ಯಾಮೆರಾ ಕೊಂಡರು. ತೆಗೆದ ಪ್ರತಿಯೊಂದು ಫೋಟೋದ ಬೆನ್ನಿಗೆ ಅಲ್ಲಿಯೇ ಕಂಡದ್ದು, ಕೇಳಿದ್ದು, ಮೂಸಿದ್ದು ಬರೆಯತೊಡಗಿದರು. ಒಂದನ್ನು ನಾನು ಕಾಪಿ ಮಾಡಿಕೊಂಡಿದ್ದೇನೆ: “ಧಾಮಣಖೋರೆ. ಎಂಟೂವರೆ ಗಂಟೆ. ಮಂಜು ಇನ್ನೂ ಎದ್ದಿಲ್ಲ. ಕೆಳಗೆ ನೀರಿನ ಸಪ್ಪಳ ಅದ, ನೀರು ಕಾಣೂದಿಲ್ಲ. ಎಮ್ಮಿ ಕೊರಳಿನ ಗಂಟಿ ನಾಕೂ ಕಡೆಯಿಂದ ಕೇಳಸ್ತದ, ಎಮ್ಮಿ ಒಂದ. ಭೀಮವ್ವಾ, ಇಲ್ಲಿ ಹುಲ್ಲಿಗೆ ಜೀರಗಿ ವಾಸನಿ ಅದ.” ಖೋರೆ ಎಂದರೆ ಅಲ್ಲಿಯವರ ಮಾತಿನಲ್ಲಿ ಕಣಿವೆ.

ಭೀಮವ್ವ ನೋಡಿ, ಓದಿ, ನಾಲ್ಕು ದಿನ ಇಟ್ಟುಕೊಂಡ ಮೇಲೆ ಫೋಟೋಗಳು ನಮ್ಮ ಕಡೆ ಬರುತ್ತಿದ್ದವು. ತಿಂಗಳ ಮೊದಲ ರವಿವಾರ ಕೋಥರೂಡದ ಒಂದು ಸಭಾಗೃಹದಲ್ಲಿ ನಮ್ಮ ಭಜನೆ. ಮಂಗಳಾರತಿ ಮುಗಿಯುವ ಹೊತ್ತಿಗೆ ಸಿದ್ರಾಮಪ್ಪನವರು ಹಿಂದಿನ ಗೋಡೆಗೆ ಈ ಮೊಳೆಯಿಂದ ಆ ಮೊಳೆಗೆ ಒಂದು ನೈಲಾನ್ ಹಗ್ಗ ಕಟ್ಟಿ, ಬಟ್ಟೆಯ ಚಿಮಟಿಗಳಿಂದ ಇಪ್ಪತ್ತು ಮೂವತ್ತು ಫೋಟೋ ಸಿಕ್ಕಿಸಿರುತ್ತಿದ್ದರು.

“ಏನ್ರಿ ಸಿದ್ರಾಮಪ್ಪ, ಅರಬಿ ಒಣಗಿಹಾಕೀರೇನು?”

“ಅರಬಿ ಅಲ್ರಿ, ಗುಡ್ಡಾ ಒಣಗಿಹಾಕೀನಿ. ಮಳಿಯಾಗ ತೊಯ್ದಿದ್ವು.”

ಪ್ರಸಾದ ತಿನ್ನುತ್ತ ನಾವೆಲ್ಲ ಹಗ್ಗದ ಉದ್ದಕ್ಕೂ ನಡೆಯುತ್ತಿದ್ದೆವು. ಅವರು ಫೋಟೋ ತಿರುಗಿಸಿ ಬೆನ್ನಿನ ಬರಹ ಓದುತ್ತಿದ್ದರು. ಕಣಿವೆಗೆ ಎಂದೂ ಹೋಗದ ಹೆಂಗಸರು, ಮಂಡಿನೋವಿನ ಮುದುಕಿಯರು, ಆ ಅರ್ಧ ಗಂಟೆ ಕಣಿವೆಯಲ್ಲಿ ಇದ್ದು ಬರುತ್ತಿದ್ದೆವು.

ಮನುಷ್ಯರ ಫೋಟೋಗೆ ಅವರದೊಂದು ನೇಮವಿತ್ತು. ಕೇಳದೆ ತೆಗೆಯುತ್ತಿರಲಿಲ್ಲ. ತೆಗೆದ ಮೇಲೆ ಮುಂದಿನ ಸಲ ಒಂದು ಪ್ರತಿಯನ್ನು ಅವರ ಕೈಯಲ್ಲೇ ಕೊಟ್ಟು ಬರಬೇಕು. ಅದಕ್ಕಾಗಿ ಮಳೆಯಲ್ಲಿ ಏಳು ಮೈಲಿ ನಡೆದು, ಎಮ್ಮೆ ಕಾಯುವವನೊಬ್ಬನಿಗೆ ಫೋಟೋ ಮುಟ್ಟಿಸಿ ಬಂದದ್ದು ನನಗೆ ಗೊತ್ತು. “ಅವರ ಕೈಯಾಗ ಒಂದ ಹೋಗೋತನಕ ನನ್ನ ಕೈಯಾಗಿನದು ಕದ್ದ ಮಾಲು” ಎನ್ನುತ್ತಿದ್ದರು.

ತೊಂಬತ್ತೇಳರ ಮಳೆಗಾಲದಲ್ಲಿ ಧಾಮಣಖೋರೆಯಲ್ಲಿ ರಂಗೂಬಾಯಿ ಸಿಕ್ಕಳು. ಐವತ್ತರ ಆಸುಪಾಸಿನ ವಿಧವೆ. ಇಳಿಜಾರಿನಲ್ಲಿ ನಾಲ್ಕು ಮಡಿ ಭತ್ತದ ಗದ್ದೆ, ಒಂದು ಎಮ್ಮೆ. ಮಜ್ಜಿಗೆ ಕೊಟ್ಟು, ಮನೆಯ ಮುಂದಿನ ಬಂಡೆಯ ಮೇಲೆ ಕೂತಳು. ಅವಳ ಹಿಂದೆ ಇಡೀ ಕಣಿವೆ ಹಸಿರಾಗಿ ಇಳಿದು ಹೋಗಿತ್ತು. ಸಿದ್ರಾಮಪ್ಪ ಫೋಟೋ ತೆಗೆಯಲೇ ಎಂದು ಕೇಳಿದರು. ಅವಳ ಮಾತು ಮರಾಠಿ. ಅವರು ನಮಗೆ ಕನ್ನಡದಲ್ಲಿ ಹೇಳಿದಂತೆಯೇ ಬರೆಯುತ್ತೇನೆ.

“ನನ್ನ ಫೋಟೋ ಯಾರಿಗೆ ಬೇಕೋ ಅಣ್ಣಾ? ಮದಿವ್ಯಾಗ ಫೋಟೋ ತಗೀವಾಗ ನನ್ನ ಒಳಗ ರೊಟ್ಟಿ ಬಡ್ಯಾಕ ಕಳಸತಾರ.”

“ನನ್ನ ಹೆಂಡತಿಗೆ ಬೇಕು. ಆಕಿಗೆ ನಡಿಯಾಕ ಬರೂದಿಲ್ಲ. ಈ ಖೋರ್ಯಾಗ ಯಾರ ಇರತಾರ ಅಂತ ಕೇಳತಾಳ.”

 ರಂಗೂಬಾಯಿ ಎದ್ದು ಸೀರೆ ಬದಲಿಸಲಿಲ್ಲ, ಸೆರಗನ್ನು ಹಣೆಗೆ ಎಳೆದುಕೊಳ್ಳಲಿಲ್ಲ. “ಹಂಗಾದ್ರ ತಗಿ. ಇದ್ದಂಗ ತಗಿ. ಆಕಿ ನನ್ನ ಇದ್ದಂಗ ನೋಡಲಿ.”

ಆ ಫೋಟೋ ನಾನು ನೋಡಿದ್ದೇನೆ. ಬರಿದಾದ ಅಗಲ ಹಣೆ, ಬರಿದಾದ ಕೈ, ನೇರ ನೋಟ. ಭೀಮವ್ವ ಅದನ್ನು ನಾಲ್ಕು ದಿನವಲ್ಲ, ಎರಡು ತಿಂಗಳು ಇಟ್ಟುಕೊಂಡಳು. ರಂಗೂಬಾಯಿಗೂ ಅವಳ ಪ್ರತಿ ಮುಟ್ಟಿತು.

ಅದು ಹಗ್ಗಕ್ಕೆ ಬಂದ ದಿನ ಕಾಂತಪ್ಪ ಸೇಠರು ಬಹಳ ಹೊತ್ತು ಅದರ ಮುಂದೆ ನಿಂತರು. ಕಾಂತಪ್ಪ ಮಸಾಲೆ ವ್ಯಾಪಾರಿ. ಪ್ರತಿ ವರ್ಷ ತಮ್ಮ ಅಂಗಡಿಯ ಹೆಸರಿನಲ್ಲಿ ಐದು ನೂರು ಕನ್ನಡ ಕ್ಯಾಲೆಂಡರ್ ಮಾಡಿಸಿ ಪುಣೆಯ ನಮ್ಮ ಜನಕ್ಕೆ ಹಂಚುತ್ತಿದ್ದರು. ಒಂದೇ ದೊಡ್ಡ ಹಾಳೆ. ನಡುವೆ ಚಿತ್ರ, ಎಡಕ್ಕೆ ಆರು ತಿಂಗಳು, ಬಲಕ್ಕೆ ಆರು ತಿಂಗಳು, ಬೆನ್ನಿಗೆ ತಿಥಿ, ಅಮಾವಾಸ್ಯೆ, ಏಕಾದಶಿ, ಸಂಕಷ್ಟಿ, ಹಬ್ಬ. ಮರಾಠಿ ಪಂಚಾಂಗ ಓದಲು ಬಾರದ ಹೆಂಗಸರಿಗೆ ಅದೇ ಆಧಾರ. ಅದಿಲ್ಲದ ಕನ್ನಡ ಮನೆ ಇರಲಿಲ್ಲ.

“ಸಿದ್ರಾಮಪ್ಪಾ, ಇದೊಂದ ಕೊಡೋ. ಮನ್ಯಾಗ ತೋರಸ್ತೀನಿ” ಎಂದರು.

ಮನೆಯಲ್ಲಿ ತೋರಿಸಲು ಎಂದಮೇಲೆ ಕೊಡದೆ ಇರುವುದು ಹೇಗೆ? ಕೊಟ್ಟರು. ಚಿಮಟಿ ಬಿಚ್ಚಿ ಅವರ ಕೈಗೆ ಹಾಕಿದ್ದನ್ನು ನಾನೇ ನೋಡಿದೆ.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಭಜನೆ ಮುಗಿದ ಮೇಲೆ ಕಾಂತಪ್ಪ ಹೊಸ ವರ್ಷದ ಕ್ಯಾಲೆಂಡರಿನ ಗಂಟು ಬಿಚ್ಚಿದರು. ನನ್ನ ಕೈಗೂ ಒಂದು ಬಂತು. ನಡುವೆ ರಂಗೂಬಾಯಿ. ಹಣೆಯ ಮೇಲೆ ನಾಲ್ಕಾಣೆಯಷ್ಟು ಅಗಲದ ಕೆಂಪು ಕುಂಕುಮ. ಮೂಗಿಗೆ ನತ್ತು. ಕೊರಳಲ್ಲಿ ಕರಿಮಣಿ. ಮೊಣಕೈವರೆಗೆ ಹಸಿರು ಬಳೆ. ಹಿಂದಿನ ಕಣಿವೆಗೆ ಇಲ್ಲದ ಎರಡು ಜಲಪಾತ. ಕೆಳಗೆ, ‘ಮನೆಯ ಲಕ್ಷ್ಮಿಗೆ ಮನೆಯ ಮಸಾಲೆ’.

ಸಿದ್ರಾಮಪ್ಪನವರ ಮುಖ ಬೆಳ್ಳಗಾಯಿತು. ಆ ಮನುಷ್ಯ ದನಿ ಏರಿಸಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

“ಸೇಠ್‌ಜೀ, ಇದೇನ ಮಾಡೀರಿ?”

“ಹೆಂಗದ? ಪೇಂಟರ್ ಹುಷಾರ್ ಅದಾನಲ್ಲ?”

“ಆಕಿಗೆ ಗಂಡಿಲ್ರಿ!”

“ಗೊತ್ತದನೋ. ಅದಕ್ಕ ಹಚ್ಚಿಸೀನಿ. ಹೊಸಾ ವರ್ಷಕ್ಕ ಬರೇ ಹಣಿ ತಗೊಂಡ ಹೋಗಿ ಗ್ವಾಡಿಗೆ ಹಾಕು ಅಂದ್ರ ಯಾರ ಹಾಕತಾರ? ಅಪಶಕುನ ಅಂತಾರ.”

“ಮನ್ಯಾಗ ತೋರಸ್ತೀನಿ ಅಂತ ಒಯ್ದಿದ್ರಿ.”

“ಐದನೂರ ಮನ್ಯಾಗ ತೋರಿಸೀನಿ. ತಪ್ಪೇನು?” ಸುತ್ತಲಿನವರು ನಕ್ಕರು. ನಗೆ ಕೇಳಿ ಕಾಂತಪ್ಪನಿಗೆ ಹುರುಪು ಬಂತು. “ಯಾಕ ಸಿಟ್ಟಾಗತೀ? ನಮ್ಮ ಶರಣರು ಮುತ್ತೈದಿ, ವಿಧವಾ ಅಂತ ಬ್ಯಾರೆ ಮಾಡ್ಯಾರೇನು? ಹೋದ ಕುಂಕುಮ ನಾನು ಹೊಳ್ಳಿ ಕೊಟ್ಟೀನಿ. ಸುಧಾರಣಾ ಅನ್ನು ಬೇಕಾದ್ರ.”

ಮೊದಲು ಅಪಶಕುನ; ನಾಲ್ಕು ಮಾತಿನೊಳಗೆ ಅದೇ ಬಾಯಲ್ಲಿ ಸುಧಾರಣೆ. ಈಗಷ್ಟೇ ಮಂಗಳಾರತಿ ಹಾಡಿದ ನಾಲಗೆಗಳು ಅದಕ್ಕೆ “ಖರೇ ಅದ ಬಿಡ್ರಿ” ಎಂದವು. ವಿಧವೆಗೆ ಕುಂಕುಮ ಬೇಡವೆಂದು ನಾನು ಹೇಳುವವಳಲ್ಲ. ದೇವರು ಹಣೆ ನೋಡಿ ಒಳಗೆ ಬಿಡುವವನಲ್ಲ ಎಂದೇ ನನ್ನ ನಂಬಿಕೆ. ಆದರೆ ಆ ಹಣೆ ಕಾಂತಪ್ಪನದಲ್ಲ. ಇದನ್ನು ಅಂದು ಅಲ್ಲಿ ನಾನು ಗಟ್ಟಿಯಾಗಿ ಹೇಳಲಿಲ್ಲ. ಆ ಸಿಟ್ಟು ನನ್ನ ಮೇಲೆಯೇ ಇದೆ.

ಸಿದ್ರಾಮಪ್ಪನವರು ಮನೆಗೆ ಹೋಗಿ ಕ್ಯಾಲೆಂಡರನ್ನು ಹೆಂಡತಿಯ ಮುಂದೆ ಹಾಸಿದರು. 

“ನಾ ಹೋಗಿ ಕಾಂತಪ್ಪನ ಅಂಗಡಿ ಮುಂದ ಕೂಡತೀನಿ” ಎಂದರು ಇವರು.

“ಅದು ಆಮ್ಯಾಲಿನ ಮಾತು. ಮೊದಲ ಆಕಿ ಕಡೆ ಹೋಗ್ರಿ. ಮತ್ತೊಬ್ಬರ ಬಾಯಿಂದ ಆಕಿಗೆ ಗೊತ್ತಾಗಬಾರದು.”

“ಯಾವ ಮಾರಿ ಇಟಗೊಂಡ ಹೋಗಲಿ?”

“ಇರೂದ ಒಂದ ಮಾರಿ. ಅದನ್ನ ಇಟಗೊಂಡ ಹೋಗ್ರಿ.”

ಮರುದಿನ ರಜೆ ಹಾಕಿ ಹೋದರು. ಪೌಡದಲ್ಲಿ ಬಸ್ಸು ಬದಲಿಸಿ, ಕೊನೆಯ ನಾಲ್ಕು ಮೈಲಿ ನಡೆದು, ಸುರುಳಿ ಸುತ್ತಿದ ಕ್ಯಾಲೆಂಡರನ್ನು ಬಗಲಲ್ಲಿ ಇಟ್ಟುಕೊಂಡು ಅದೇ ಬಂಡೆಯ ಹತ್ತಿರ ನಿಂತರು. ಅಂದು ಕಣಿವೆಯಲ್ಲಿ ಏನು ಕಂಡಿತೆಂದು ಭೀಮವ್ವ ಕೇಳಲಿಲ್ಲ, ಇವರು ಹೇಳಲೂ ಇಲ್ಲ.

ರಂಗೂಬಾಯಿ ಹಾಳೆ ಬಿಡಿಸಿದಳು. ಮೊದಲು ತನ್ನನ್ನು ಗುರುತಿಸಲಿಲ್ಲ. ಬಂಡೆಯನ್ನು ಗುರುತಿಸಿದಳು, ಆಮೇಲೆ ಸೀರೆಯನ್ನು. ಗುರುತು ಹತ್ತಿದ ಮೇಲೆ ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ ಆ ಕುಂಕುಮವನ್ನು ಉಜ್ಜಿದಳು. ಅದು ಅಚ್ಚಿನ ಬಣ್ಣ, ಹೋಗಲಿಲ್ಲ. ಮತ್ತೆ ಉಜ್ಜಿದಳು. ಕಾಗದ ಎದ್ದು ಬಂತು.

“ಯಾರಿಟ್ರು ಇದನ್ನ?”

ಹೇಳಿದರು. ತಾವೇ ಕೊಟ್ಟದ್ದನ್ನೂ ಹೇಳಿದರು.

“ನನ್ನ ಗಂಡ ಹೋದ ಹತ್ತನೇ ದಿವಸ ಮೂರು ಮಂದಿ ಹೆಂಗಸರು ನನ್ನ ಹಿಡಕೊಂಡು ಹಣಿ ಒರಸಿದ್ರು. ಬ್ಯಾಡ ಅಂತ ಚೀರಿದೆ. ಬಳಿ ಒಡದು ಕೈ ರಕ್ತಾ ಆತು. ಆವತ್ತ ನನ್ನ ಯಾರೂ ಕೇಳಲಿಲ್ಲ. ಹದಿನಾರು ವರ್ಷ ಈ ಹಣಿ ಹಿಂಗ ಹೊತ್ತೀನಿ. ಈಗ ಇದು ನನ್ನ ಹಣಿ. ಯಾವನೋ ಸೇಠ್ ಬಂದು ಇಡತಾನ. ಇವತ್ತೂ ನನ್ನ ಯಾರೂ ಕೇಳಲಿಲ್ಲ.” ಅವಳು ಅಳಲಿಲ್ಲ. “ನೀ ಕೇಳಿದ್ದಿ. ಅದಕ್ಕ ಕೂತಿದ್ದೆ ನಾನು. ಇದ್ದಂಗ ತಗೀ ಅಂದಿದ್ದೆ.”

“ತಪ್ಪಾತು.”

“ಎಷ್ಟ ಗ್ವಾಡಿ ಮ್ಯಾಲ ಅದೀನಿ?”

“ಐದನೂರ ಮಾಡಿಸ್ಯಾನ.”

“ನನ್ನ ಇಳಸು.”

ಅಷ್ಟೇ ಹೇಳಿ ಎಮ್ಮೆಗೆ ನೀರಿಡಲು ಒಳಗೆ ಹೋದಳು. ಮಜ್ಜಿಗೆ ಕೊಡಲಿಲ್ಲ.

ಮುಂದಿನ ಆರು ತಿಂಗಳ ರವಿವಾರಗಳು ಸಿದ್ರಾಮಪ್ಪನವರಿಗೆ ಕಣಿವೆಯಲ್ಲಿ ಕಳೆಯಲಿಲ್ಲ. ಖಡಕಿ, ಕೋಥರೂಡ, ಪೇಟೆಯ ಓಣಿಗಳು. ಬಸ್ಸಿನಿಂದ ಇಳಿದು ಮನೆ ಹುಡುಕಿ ಬಾಗಿಲು ಬಡಿಯುವುದು. “ಕ್ಯಾಲೆಂಡರ್ ಕೊಡ್ರಿ.” ಕಾರಣವನ್ನೂ ಹೇಳಬೇಕು. ಗಂಡಸರು ನಗುತ್ತಿದ್ದರು, ಹೆಂಗಸರು ಕೊಡುತ್ತಿರಲಿಲ್ಲ. ಕಾಂತಪ್ಪನ ಮೇಲಿನ ಪ್ರೀತಿಯಿಂದಲ್ಲ. ಕ್ಯಾಲೆಂಡರ್ ಹೋದರೆ ಏಕಾದಶಿ ಎಂದು? ಸಂಕಷ್ಟಿ ಎಂದು? ವರ್ಷದ ನಡುವೆ ಇನ್ನೊಂದು ಕನ್ನಡ ಪಂಚಾಂಗ ಪುಣೆಯಲ್ಲಿ ಎಲ್ಲಿ ಸಿಗಬೇಕು? ಒಬ್ಬಾಕೆ ಅತ್ತೇಬಿಟ್ಟಳು.

ಆಗ ಕತ್ತರಿ ಬಂತು. ನಡುವಿನ ಚಿತ್ರವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಬಿಡುವುದು. ಆದರೆ ರಂಗೂಬಾಯಿಯ ಮುಖದ ಬೆನ್ನಿಗೆ ಸರಿಯಾಗಿ ಶ್ರಾವಣ ಭಾದ್ರಪದಗಳ ತಿಥಿ ಅಚ್ಚಾಗಿದ್ದವು. ಅವೇ ಎಲ್ಲರಿಗೂ ಬೇಕಾದ ತಿಂಗಳು. ಭೀಮವ್ವ ನನ್ನನ್ನು ಕರೆಸಿದಳು. ನಾವಿಬ್ಬರೂ ಕೂತು ಆ ಎರಡು ತಿಂಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಅದನ್ನು ಝೆರಾಕ್ಸ್ ಮಾಡಿಸಿ, ಚಿತ್ರ ಕತ್ತರಿಸಿದ ಕಡೆ ಆ ಹಾಳೆಯನ್ನು ಅಂಟಿಸಿ ಬರುತ್ತಿದ್ದರು. ಕತ್ತರಿ, ಗೋಂದಿನ ಬಾಟಲಿ, ಝೆರಾಕ್ಸಿನ ಕಟ್ಟು ಒಂದು ಚೀಲದಲ್ಲಿ. ಕಾರ್ಖಾನೆಯ ಸಹೋದ್ಯೋಗಿಗಳು ಮೊದಲು ಹೆಸರಿಟ್ಟರು, ಆಮೇಲೆ ನಮ್ಮವರೂ ಕರೆದರು.

ಪೇಟೆಯ ತಿಪ್ಪವ್ವ ಎಂಬ ಎಂಬತ್ತರ ಮುದುಕಿ ಅದನ್ನು ದೇವರ ಜಗಲಿಯ ಮೇಲೆ ಅಂಟಿಸಿ, ದಿನವೂ ಹೂ ಏರಿಸುತ್ತಿದ್ದಳು.

“ಕೈ ಹಚ್ಚಬ್ಯಾಡ! ತಾಯಿ ಅನ್ನಪೂರ್ಣಿ ಅದಾಳ.”

“ಅಲ್ಲಬೇ ಅಮ್ಮಾ, ರಂಗೂಬಾಯಿ ಅದಾಳ. ಮಾವಳದ ಗುಡ್ಡದಾಕಿ. ಈ ಹೊತ್ತಿನ್ಯಾಗ ಎಮ್ಮಿ ಹಿಂಡತಿರತಾಳ.”

“ಹಿಂಡಲಿ. ನಾ ಬೇಡಿಕೊಂಡೀನಿ, ನನ್ನ ಕೆಮ್ಮ ಕಡಿಮಿ ಆಗೇದ.”

“ಆಕಿ ಹೇಳಿ ಕಳಸ್ಯಾಳ. ಗ್ವಾಡಿ ಮ್ಯಾಲಿಂದ ನನ್ನ ಇಳಸ್ರಿ ಅಂತ. ಹಣಿಮ್ಯಾಲಿಂದು ಆಕೀದಲ್ಲಬೇ. ಆಕೀನ್ನ ಕೇಳದ ಇಟ್ಟಾರ.”

 ತಿಪ್ಪವ್ವನದೂ ಬರೀ ಹಣೆ. ಕೈಯಿಂದ ಒಮ್ಮೆ ತನ್ನ ಹಣೆ ಮುಟ್ಟಿಕೊಂಡು, “ಕೇಳೇ ಇಲ್ಲೇನು?” ಎಂದಳು. ಆಮೇಲೆ ಹೂ ತೆಗೆದು, ತಾನೇ ಕಿತ್ತು ಕೊಟ್ಟಳು. ಕತ್ತರಿಗೂ ಬಿಡಲಿಲ್ಲ, ಇಡೀ ಹಾಳೆ. “ನನಗ ಏಕಾದಶಿ ಲೆಕ್ಕಾ ಬರತದ. ಒಯ್ಯಿ” ಎಂದಳು. ಸಭಾಗೃಹದಲ್ಲಿ ನಮಗೆ ಯಾರಿಗೂ ತಿಳಿಯದ್ದು ಕೆಮ್ಮುವ ಮುದುಕಿಗೆ ಒಂದು ಮಾತಿಗೆ ತಿಳಿಯಿತು.

ಕಾಂತಪ್ಪ ಸುಮ್ಮನಿರಲಿಲ್ಲ. ಸಿದ್ರಾಮಪ್ಪನ ತಲೆ ಕೆಟ್ಟಿದೆ, ಬಾಗಿಲು ತೆರೆಯಬೇಡಿ ಎಂದು ಗಿರಾಕಿಗಳಿಗೆ ಹೇಳಿದರು. ಭಜನೆಯಲ್ಲಿ ಎಲ್ಲರ ಮುಂದೆ, “ಆ ಬಾಯಿಗೆ ಒಂದ ಸೀರಿ, ಒಂದ ಟೆಂಗಿನಕಾಯಿ ಕಳಸೋಣು. ಮುಗದುಹೋತು” ಎಂದರು.

“ಸೀರಿ ಒಯ್ದು ಏನಂತ ಕೊಡ್ಲಿ?” ಸಿದ್ರಾಮಪ್ಪ ಎದ್ದು ನಿಂತಿದ್ದರು. “ನಿನ್ನ ಹಣಿಗೆ ಇದು ಬಾಡಿಗಿ ಅನ್ಲೇನು?”

“ಮಾತ ಹಿಡದ ಆಡು. ನಿನ್ನ ಹಳ್ಳೀ ಫೋಟೋಕ್ಕ ಅಷ್ಟ ಮರ್ಯಾದಿ ಕೊಟ್ಟೀನಿ.”

“ಫೋಟೋಕ್ಕ ಬ್ಯಾಡ್ರಿ. ಆಕಿಗೆ ಕೊಡ್ರಿ. ಖೋರೆಗೆ ಬರ್ರಿ ನನ್ನ ಕೂಡ. ಆಕಿ ಮುಂದ ನಿಂತು ತಪ್ಪಾತು ಅನ್ರಿ.”

ಕಾಂತಪ್ಪ ಬರಲಿಲ್ಲ. ಮಾರ್ಚಿನಲ್ಲಿ ಸಿದ್ರಾಮಪ್ಪ ಅಂಗಡಿಗೆ ಹೋದಾಗ, ಅಲ್ಲಿಯ ಆಳುಗಳು ಹಂಚದೆ ಉಳಿದ ಕ್ಯಾಲೆಂಡರುಗಳನ್ನು ಹರಿದು ಖಾರಪುಡಿಯ ಪುಡಿಕೆ ಕಟ್ಟುತ್ತಿದ್ದರು. ಒಂದು ಪುಡಿಕೆಯ ಮೇಲೆ ಅರ್ಧ ಹಣೆ. ಸಿದ್ರಾಮಪ್ಪ ಆ ಪುಡಿಕೆಗಳನ್ನೆಲ್ಲ ಗಿರಾಕಿಗಳ ಎದುರಿನಲ್ಲೇ ಬಿಚ್ಚಿ, ಖಾರವನ್ನು ಡಬ್ಬಿಗೆ ಸುರಿದು, ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ಕೈ, ಕಣ್ಣು ಉರಿಯುತ್ತಿದ್ದರೂ ಕೊನೆಯದು ಬಿಚ್ಚುವವರೆಗೆ ಏಳಲಿಲ್ಲ. ಕಾಂತಪ್ಪ “ರದ್ದೀ ಕಾಗದಾ, ಒಯ್ಯೋ ಹುಚ್ಚಾ” ಎಂದು ಗಲ್ಲಾಪೆಟ್ಟಿಗೆಯ ಹಿಂದಿನಿಂದ ನಗುತ್ತಿದ್ದರು. ಅಂದಿನಿಂದ ಆ ಅಂಗಡಿಯ ಮಸಾಲೆ ನನ್ನ ಮನೆಗೆ ಬಂದಿಲ್ಲ. ಅವರೀಗಲೂ ಭಜನೆಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಾರೆ.

ಜೂನಿನಲ್ಲಿ, ಮಳೆ ಹಿಡಿಯುವ ಮುಂಚೆ, ಸಿದ್ರಾಮಪ್ಪನವರು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಧಾಮಣಖೋರೆಗೆ ಹೊತ್ತರು. ಕ್ಯಾಮೆರಾ ಒಯ್ಯಲಿಲ್ಲ. ರಂಗೂಬಾಯಿ ಅಂಗಳದಲ್ಲಿ ಒಲೆ ಹೂಡಿ ನೀರು ಕಾಯಿಸುತ್ತಿದ್ದಳು. ಚೀಲ ಬಿಚ್ಚಿ ಒಂದೊಂದಾಗಿ ತೆಗೆದಳು. ಒಂದೊಂದನ್ನೂ ನೋಡಿದಳು, ಒಂದೊಂದನ್ನೂ ಒಲೆಗೆ ಹಾಕಿದಳು. ನೀರು ಕುದಿದು ಇಂಗತೊಡಗಿದರೂ ಚೀಲ ಮುಗಿದಿರಲಿಲ್ಲ. ಆ ಹೊತ್ತೆಲ್ಲ ಇವರು ನಿಂತೇ ಇದ್ದರು. ಕೂಡು ಎಂದು ಅವಳು ಅನ್ನಲಿಲ್ಲ.

ಮುಗಿದ ಮೇಲೆ ಕೈ ಒರೆಸಿಕೊಂಡು ಕೇಳಿದಳು:

“ಎಲ್ಲಾ ಬಂದ್ವೇನು?”

ಸುಳ್ಳು ಹೇಳಬಹುದಿತ್ತು. ಯಾರು ಬಂದು ನೋಡುತ್ತಿದ್ದರು? “ಇಲ್ಲ. ಇನ್ನೂ ಮೂವತ್ತರಮ್ಯಾಲ ಅದಾವ. ಕೆಲವರು ಕೊಡೂದಿಲ್ಲ ಅಂದ್ರು. ಕೆಲವರು ಊರ ಬಿಟ್ಟಾರ. ಶಿರೂರಿನ ಅಂಗಡಿಗೊಳಿಗೆ ಒಂದಿಷ್ಟು ಹೋಗ್ಯಾವ.”

ಆರು ತಿಂಗಳ ಮೇಲೆ, ಅಷ್ಟು ದೂರ ಹೊತ್ತು ತಂದ ಮೇಲೆ, ಇನ್ನು ಸಾಕು ಬಿಡಣ್ಣಾ ಎಂದಾಳೆಂದು ಒಳಗೊಳಗೆ ಆಸೆಯಿತ್ತು ಎಂದು ಅವರೇ ನನಗೆ ಹೇಳಿದರು. ನಾನೂ ಕೇಳುತ್ತ ಅದನ್ನೇ ಕಾಯುತ್ತಿದ್ದೆ.

“ಉಳದಿದ್ದೂ ನಾನ ಅಲ್ಲೇನು?” ಎಂದಳು ರಂಗೂಬಾಯಿ.

ಇವರು ಖಾಲಿ ಗೋಣಿಚೀಲ ಮಡಚಿಕೊಂಡು, ಅದೇ ಬಸ್ಸಿಗೆ ಹಿಂದಿರುಗಿದರು. ಮುಂದಿನ ರವಿವಾರ ಬೆಳಿಗ್ಗೆ ಶಿರೂರಿನಲ್ಲಿ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತಿದ್ದರು. ಅಂಗಡಿಯವರು ತೂಕ ಮಾಡುತ್ತಲೇ ಗೋಡೆಯ ಕಡೆ ನೋಡಿದರು.

“ಅರ್ಧಾ ವರ್ಷ ಮುಗದದ ಸಾಹೇಬ್ರ. ಡಿಸೆಂಬರಕ್ಕ ತಾನ ಇಳೀತದ. ಯಾಕ ಇಷ್ಟ ತ್ರಾಸ ತಗೋತೀರಿ?”

“ಆಕಿ ಡಿಸೆಂಬರತನಕ ಕಾಯಂಗಿಲ್ರಿ” ಎಂದು ಸಿದ್ರಾಮಪ್ಪ ಸ್ಟೂಲು ಕೇಳಿದರು.